ಮಲಗಿ ಕೊಡುವ ಅಳತೆ

ಇವತ್ತು ಬೆಳಿಗ್ಗೆ ನನ್ನ ಅಂಗಿಯ ಮೂರನೇ ಗುಂಡಿ ಹಾರಿ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಗೋಡಂಬಿ ಇರಬೇಕೆಂದು ಕಚ್ಚಿದ ಮೇಲೆ ರಹೀಂ ಭಾಯ್ ನೆನಪಾದರು.

ರಹೀಂ ಭಾಯ್ ಕೊಡಿಗೇಹಳ್ಳಿಯಲ್ಲಿ ನಮ್ಮ ಬೀದಿಯ ಟೈಲರ್. ಇಪ್ಪತ್ತು ವರ್ಷದಿಂದ ನನ್ನ ಅಂಗಿಗಳೆಲ್ಲ ಅವರ ಕೈಯವೇ. ಅವರು ಟೇಪು ಎತ್ತಿಕೊಂಡರೆ ಸಾಕು, ನಾನು "ಹಳೇ ಅಳತೇನೇ ಇರ್ಲಿ ಭಾಯ್" ಎನ್ನುತ್ತೇನೆ. ನೀವೂ ಅಂದಿರುತ್ತೀರಿ, ನಾಚಿಕೊಳ್ಳಬೇಡಿ. ಅವರು ವಾದ ಮಾಡುವವರಲ್ಲ. ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಾರೆ. ಗುಂಡಿ ಹಾಕಿಸಲು ಕೊಟ್ಟ ಅಂಗಿ ಮರಳುವಾಗ ತುಸು ಸಡಿಲವಾಗಿಯೇ ಬರುತ್ತದೆ. ಧೈರ್ಯವಾಗಿ ಅಳತೆ ಕೊಟ್ಟವರ ಹೊಟ್ಟೆಯ ಅಂಕಿಯನ್ನೂ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಪುಸ್ತಕದಲ್ಲಿ ಬರೆದು ಮುಚ್ಚಿಬಿಡುತ್ತಾರೆ. ಹೀಗಾಗಿ ನಾನು ಇಪ್ಪತ್ತು ವರ್ಷದಿಂದ ಒಂದೇ ಥರ ಇದ್ದೇನೆಂದು ನಂಬಿದ್ದೆ.

ಮೂರು ವರ್ಷದ ಹಿಂದೆ ಭಾಯ್‌ಗೆ ಮೆಷಿನ್ ತುಳಿಯುವಾಗ ಏದುಸಿರು ಬರತೊಡಗಿತು. ಹಳೆಯ ಬಿಪಿ. ಹೃದಯದ ಗೋಡೆ ದಪ್ಪವಾಗಿರಬಹುದು, ಎಕೋ ಸ್ಕ್ಯಾನ್ ಮಾಡಿಸಿ ಅಳತೆ ನೋಡದೆ ಔಷಧಿ ನಿರ್ಧರಿಸಲಾಗದು ಎಂದರು ಡಾಕ್ಟರು. ಭಾಯ್ ಹೆಂಡತಿ "ನೀವು ಹೇಳಿದ್ರೆ ಕೇಳ್ತಾರೆ" ಎಂದು ನನ್ನನ್ನು ಜೊತೆಗೆ ಕಳಿಸಿದರು.

ಹೆಬ್ಬಾಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಭಾಯ್ ಅಂಗಿ ಬಿಚ್ಚಿ, ಮಂಚದ ಪಕ್ಕ ನೆಟ್ಟಗೆ ನಿಂತು, ಎರಡೂ ತೋಳು ತುಸು ಎತ್ತಿದರು. ಅವರ ಗಿರಾಕಿಗಳು ನಿಲ್ಲುವುದು ಹಾಗೆಯೇ.

"ಮಲಗಿ, ಎಡಕ್ಕೆ ತಿರುಗಿ," ಎಂದರು ಡಾಕ್ಟರಮ್ಮ.

"ನಿಂತಿದ್ದೀನಲ್ಲ ಮೇಡಂ, ಹಿಂಗೇ ಅಳೀರಿ."

ನಾನು ಅವರನ್ನು ಪಕ್ಕಕ್ಕೆ ಕರೆದು ಗದರಿದೆ. ಭಾಯ್ ಪಿಸುಗುಟ್ಟಿದರು: "ಮಲಗಿಸಿ ಅಳತೆ ತಗೊಳ್ಳೋದು ಒಂದಕ್ಕೇ ಸಾರ್. ನಮ್ಮ ಮೊಹಲ್ಲಾದಲ್ಲಿ ಯಾರು ತೀರ್ಕೊಂಡ್ರೂ ಹೆಣಕ್ಕೆ ಸುತ್ತೋ ಕಫನ್ ಬಟ್ಟೆ ಕತ್ತರಿಸೋನು ನಾನೇ. ನನ್ನನ್ನ ಮಲಗಿಸ್ಬೇಡಿ."

ನನಗೆ ಸಂಕಟವಾಯಿತು. ಸಂಕಟವಾದಾಗಲೆಲ್ಲ ನಾನು ಶೂರನಾಗುತ್ತೇನೆ, ಹುಟ್ಟುಗುಣ. "ನೋಡಿ, ಮೊದ್ಲು ನಾನು ಮಲಗಿ ಎದ್ದು ತೋರಿಸ್ತೀನಿ" ಎಂದು ಅಂಗಿ ಬಿಚ್ಚಿ ಮಂಚ ಏರಿದೆ. ಹೊರಗೆ ಹದಿನೈದು ಜನ ಕಾದಿದ್ದರು. ಡಾಕ್ಟರಮ್ಮ ನಿಟ್ಟುಸಿರಿಟ್ಟು ನನ್ನ ಎದೆಗೆ ತಣ್ಣನೆಯ ಜೆಲ್ಲಿ ಬಳಿದರು.

ಒಂದು ನಿಮಿಷದ ನಾಟಕವೆಂದುಕೊಂಡಿದ್ದೆ. ಆದರೆ ಡಾಕ್ಟರಮ್ಮ ಪರದೆ ನೋಡುತ್ತ, ಟೈಪ್ ಮಾಡುವವರಿಗೆ ಅಂಕಿಗಳನ್ನು ಜೋರಾಗಿ ಹೇಳುತ್ತಲೇ ಹೋದರು.

"ಬಿಪಿ ಎಷ್ಟಿದೆ?"

"ಅವರಿಗಾ?"

"ನಿಮಗೆ."

ನಾನು ಯಾವತ್ತೂ ನೋಡಿಸಿರಲಿಲ್ಲ.

"ಕೆಳಗಿನ ಚೇಂಬರ್ ಗೋಡೆ ದಪ್ಪ ಆಗಿದೆ. ಮೇಲಿಂದು ಹಿಗ್ಗಿದೆ. ಬಿಪಿ ವರ್ಷಗಟ್ಟಲೆಯಿಂದ ಇರ್ಬೇಕು, ಬೇಗ ತೋರಿಸ್ಕೊಳ್ಳಿ."

ಭಾಯ್ ಮುಖ ಕೆಂಪಾಯಿತು. "ಅಳತೆ ಇಷ್ಟು ಜೋರಾಗಿ ಹೇಳ್ಬಾರ್ದು ಮೇಡಂ. ಮನುಷ್ಯ ನೊಂದ್ಕೋತಾನೆ."

ಭಾಯ್ ನನ್ನ ಕೈಹಿಡಿದು ಎಬ್ಬಿಸಿದರು. ನಾನು ಎದ್ದು ನಿಂತದ್ದನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, ಮನಸ್ಸಿನಲ್ಲೇ ಏನೋ ಹೇಳಿಕೊಂಡು ತಾವೂ ಮಲಗಿದರು. ಅವರ ಗೋಡೆಯೂ ದಪ್ಪವಾಗಿತ್ತು, ಆದರೆ ನನ್ನಷ್ಟಲ್ಲ. ಆಟೋದಲ್ಲಿ ಬರುವಾಗ ಅದಕ್ಕಾಗಿ ನನ್ನ ಕ್ಷಮೆ ಕೇಳಿದರು.

ಆಮೇಲೆ ಅವರು ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ, ವರ್ಷಕ್ಕೊಮ್ಮೆ ಹೋಗಿ ಅಳತೆ ಕೊಟ್ಟು ಬಂದರು. ನಾನೂ ಡಾಕ್ಟರಿಗೆ ತೋರಿಸಿದೆ, ಆದರೆ ಆರು ತಿಂಗಳು ಮಾತ್ರೆ ನುಂಗಿ ನಿಲ್ಲಿಸಿಬಿಟ್ಟೆ. ಮತ್ತೆ ಎಕೋ ಯಾಕೆ, ಹಳೇ ರಿಪೋರ್ಟು ಇದೆಯಲ್ಲ ಎಂದುಕೊಂಡೆ. ಈಚೆಗೆ ಒಂದು ಮಹಡಿ ಹತ್ತಿದರೆ ದಮ್ಮು ಕಟ್ಟುತ್ತದೆ. ಹೋಗದಿರುವುದು ಹೆದರಿಕೆಯಿಂದ, ಬೇರೇನಿಲ್ಲ.

ಇವತ್ತು ಗುಂಡಿ ಹಿಡಿದು ಅಂಗಡಿಗೆ ಹೋದೆ. ಭಾಯ್ ಅಂಗಿಯ ಒಳಹೊಲಿಗೆ ತಿರುವಿ ನೋಡಿದರು.

"ಬಿಟ್ಟಿದ್ದ ಬಟ್ಟೆ ಎಲ್ಲಾ ಮುಗೀತು ಸಾರ್. ಹೊಸಾದೇ ಹೊಲೀಬೇಕು. ಹಳೇ ಅಳತೇನಾ?"

ಬಾಯಿಗೆ ಬಂದ ಹೌದನ್ನು ನುಂಗಿಕೊಂಡು, ತೋಳೆತ್ತಿ ನಿಂತೆ. "ಹೊಸಾದು ತಗೊಳ್ಳಿ ಭಾಯ್. ಜೋರಾಗೇ ಹೇಳಿ."

ಹೊಟ್ಟೆಗೆ ಟೇಪು ಸುತ್ತಿದರು. ಪುಸ್ತಕದತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ನಲವತ್ನಾಲ್ಕು."

ಬೀದಿಗೆಲ್ಲ ಕೇಳಿಸಿರಬೇಕು. ಭಾಯ್ ಟೇಪನ್ನು ಕೊರಳಿಗೆ ಹಾಕಿಕೊಂಡೇ ಅಂಗಡಿಯ ಶಟರ್ ಎಳೆದು, ಚಪ್ಪಲಿ ಮೆಟ್ಟಿದರು.

"ನಡೀರಿ ಸಾರ್, ಹೆಬ್ಬಾಳಕ್ಕೆ. ಈ ಸಲ ಮೊದ್ಲು ನಾನು ಮಲಗ್ತೀನಿ."