ಅಕ್ಕನ ಕಾಲಿಗೆ ಎಷ್ಟು ವಾಟ್?

ರಿಪೇರಿಗೆ ಬರುವ ಇಸ್ತ್ರಿಪೆಟ್ಟಿಗೆಯ ಜೊತೆ ಒಂದು ಸುಳ್ಳೂ ಬರುತ್ತದೆ: ‘ಕೆಳಗೆ ಬಿದ್ದೇ ಇಲ್ಲ.’ ಕಾಯಿಲಮ್ಮ ನಂಬಿದವಳ ಹಾಗೆ ತಲೆಯಾಡಿಸಿ, ನಜ್ಜಾದ ಮೂಲೆಯನ್ನು ಗಿರಾಕಿಯ ಕಡೆಗೇ ತಿರುಗಿಸಿ ಇಡುತ್ತಿದ್ದಳು. ಹೀಟರು, ಇಸ್ತ್ರಿಪೆಟ್ಟಿಗೆ, ಮೈ ಕಾಯಿಸುವ ಪ್ಯಾಡು, ಬಿಸಿಯಾಗಬೇಕಾದ್ದು ಏನೇ ಇರಲಿ, ಅದರೊಳಗಿನ ತಂತಿಯ ಕಾಯಿಲು ಸುತ್ತುವುದು ಅವಳ ಕಸುಬು. ಸಾಯುವ ಮುಂಚೆ ಗಂಡ ಕಲಿಸಿಹೋದದ್ದು. ಹೆತ್ತವರಿಟ್ಟ ಹೆಸರನ್ನು ಬೀದಿ ಎಂದೋ ಮರೆತಿತ್ತು.

ತಂತಿ ಸುತ್ತಿದ ಮೇಲೆ ಕರೆಂಟು ಕೊಟ್ಟು, ಗಿರಾಕಿಯ ಕಣ್ಣೆದುರೇ ವೋಲ್ಟು, ಆಂಪು ಅಳೆಯುವಳು. “ಭಾಗಿಸಿದ್ರೆ ಓಮ್, ಗುಣಿಸಿದ್ರೆ ವಾಟ್. ನನಗೆ ಗೊತ್ತಿರೋ ಮಂತ್ರ ಇಷ್ಟೇ ಸ್ವಾಮಿ.” ಆಮೇಲೆ ಮಾಲಿನ ಮೇಲೆ ಅಂಗೈ ಇಡುವಳು. ಅಂಗೈ ಹೂಂ ಅಂದರೆ ಮಾತ್ರ ಮಾಲು ಬಾಗಿಲು ದಾಟುತ್ತಿತ್ತು. ಮೀಟರಿನ ಮಾತಿಗಿಂತ ಈ ಅಂಗೈಯ ಮಾತಿಗೇ ಪೇಟೆಯಲ್ಲಿ ಬೆಲೆ ಹೆಚ್ಚು. ಮಂತ್ರ ಯಾರಿಗೆ ಬೇಕು, ಜನಕ್ಕೆ ಮಂತ್ರವಾದಿ ಬೇಕು.

ಅವಳ ಅಕ್ಕನಿಗೆ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಮುಟ್ಟಿದ ಅರಿವೂ ಇಲ್ಲ, ಚುಚ್ಚಿದ ಅರಿವೂ ಇಲ್ಲ. ಆದರೂ ಒಳಗೆ ಎಲ್ಲೋ ಐಸು ಇಟ್ಟ ಹಾಗೆ ಚಳಿ ಎನ್ನುತ್ತಿದ್ದಳು. “ಈ ಕಾಲಿಗೆ ಗಾಯ ಆಗದ ಹಾಗೆ ನೋಡ್ಕೊಳ್ಳಿ. ಗಾಯ ಆಯ್ತು ಅಂದ್ರೆ ಪಾದ ಉಳಿಸೋದು ನನ್ನ ಕೈಲಿಲ್ಲ,” ಎಂದು ಡಾಕ್ಟರು ಹೇಳಿದ್ದರು. ಅಕ್ಕನ ಗಂಡ ಅಂಗಡಿಯಿಂದ ಪ್ಯಾಡು ತರಲು ಹೊರಟರೆ ಕಾಯಿಲಮ್ಮನಿಗೆ ರೋಷ ಬಂತು. “ನಾನು ಬದುಕಿರೋವಾಗ ನಮ್ಮಕ್ಕನಿಗೆ ಅಂಗಡಿ ಪ್ಯಾಡಾ ಭಾವ? ಸುಮ್ನೆ ಕೂತ್ಕೊಳ್ಳಿ.”

ಮನೆಯ ಕರೆಂಟನ್ನು ಇಪ್ಪತ್ನಾಲ್ಕು ವೋಲ್ಟಿಗೆ ಇಳಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ತೆಗೆದಿಟ್ಟು, ಉದ್ದದ ತಂತಿಯನ್ನು ದಪ್ಪ ಬಟ್ಟೆಯೊಳಗೆ ಹಾವಿನ ಹಾಗೆ ಹಾಯಿಸಿ ಹೊಲಿದಳು. ಮೀಟರು ಹಚ್ಚಲಿಲ್ಲ. ಮನೆಯ ಕೆಲಸಕ್ಕೆ ಯಾರಿಗೆ ಲೆಕ್ಕ ಒಪ್ಪಿಸಬೇಕು? ಕರೆಂಟು ಕೊಟ್ಟು ಅಂಗೈ ಇಟ್ಟಳು. ತಣ್ಣಗೆ. ಬಿಚ್ಚಿ ತಂತಿ ಕತ್ತರಿಸಿದಳು. ತಂತಿ ಗಿಡ್ಡವಾದಷ್ಟೂ ತಡೆ ಕಡಿಮೆ, ತಡೆ ಕಡಿಮೆಯಾದಷ್ಟೂ ಕರೆಂಟು ನುಗ್ಗಿ ಕಾವು ಹೆಚ್ಚು. ಮತ್ತೆ ಅಂಗೈ ಇಟ್ಟಳು, ಇನ್ನೂ ಸಾಲದು. ಮತ್ತೆ ಕತ್ತರಿ. ಅಂತೂ ಅಂಗೈಗೆ ಹದವಾಗಿ ತಾಗಿದಾಗ ಹೊಲಿಗೆ ಮುಗಿಸಿ, ಒಯ್ದು ಅಕ್ಕನ ಕಾಲಿನ ಕೆಳಗೆ ತಾನೇ ಇಟ್ಟು ಬಂದಳು.

ಸಂಜೆ ಭಾವನ ಫೋನು. “ಬೇಗ ಬಾರಮ್ಮ.”

ಭಾವ ಬದುಕಿಡೀ ಆಫೀಸಿನಲ್ಲಿ ಟೈಪು ಮಾಡಿದವರು. ಬೆರಳು ಕಾಗದಕ್ಕಿಂತ ಬಿಸಿಯಾದ್ದನ್ನು ಮುಟ್ಟಿದ್ದೇ ಅಪರೂಪ. ಹೊದಿಕೆ ಸರಿಮಾಡಲು ಹೋಗಿ ಪ್ಯಾಡು ಮುಟ್ಟಿ, ಹಾ ಎಂದು ಕೈ ಕಿತ್ತುಕೊಂಡಿದ್ದರು. ಕಾಯಿಲಮ್ಮ ಬರುವಷ್ಟರಲ್ಲಿ ಅಕ್ಕನ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿತ್ತು. ಅಕ್ಕ ಮಾತ್ರ ದಿಂಬಿಗೊರಗಿ ಆರಾಮಾಗಿದ್ದಳು.

“ಏನೇ, ಇಬ್ಬರ ಮುಖವೂ ಹೀಗ್ಯಾಕಾಗಿದೆ? ನನಗೇನೂ ಆಗ್ತಿಲ್ವಲ್ಲ!”

ಆಗದಿರುವುದೇ ಕಾಯಿಲಮ್ಮನ ಎದೆಗೆ ಇರಿದದ್ದು.

“ಮನೆ ದೀಪ ಅಂತ ಮುತ್ತಿಟ್ಟರೆ ಮೀಸೆ ಸುಡದೆ ಬಿಡುತ್ತೇನಮ್ಮ?” ಎಂದರು ಭಾವ. ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಜಗಳವಾದರೂ ಸಿಗುತ್ತಿತ್ತು.

ಅವರನ್ನು ಆಸ್ಪತ್ರೆಗೆ ಹೊರಡಿಸಿ, ಪ್ಯಾಡನ್ನು ಅಂಗಡಿಗೆ ತಂದು ಮೀಟರಿಗೆ ಹಚ್ಚಿದಳು. ಇಪ್ಪತ್ನಾಲ್ಕು ವೋಲ್ಟು, ಮೂರು ಆಂಪು. ಭಾಗಿಸಿದರೆ ಎಂಟು ಓಮ್. ಗುಣಿಸಿದರೆ ಎಪ್ಪತ್ತೆರಡು ವಾಟ್. ಈ ಅಳತೆಯ ಪ್ಯಾಡು ಇಪ್ಪತ್ತೈದು ದಾಟಬಾರದೆಂದು ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಇವಳೇ. ಪ್ಯಾಡಿನ ಮೇಲೆ ಮತ್ತೆ ಅಂಗೈ ಇಟ್ಟಳು. ಈಗಲೂ ಅದು ಹದ ಎಂದೇ ಹೇಳಿತು. ವರ್ಷಗಟ್ಟಲೆ ಕಾದ ತಗಡು ಮುಟ್ಟಿ ಮುಟ್ಟಿ ಅಂಗೈ ಚಪ್ಪಲಿಯ ಅಟ್ಟೆಯಾಗಿತ್ತು. ಅಕ್ಕನ ಪಾದ ಸತ್ತದ್ದನ್ನು ಊರಿಗೆಲ್ಲ ಹೇಳಿಕೊಂಡು ಅತ್ತವಳಿಗೆ ತನ್ನ ಕೈ ಸತ್ತದ್ದು ಗೊತ್ತಾಗಿರಲಿಲ್ಲ.

ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಪಾದ ಉಳಿಯಿತು, ಹಿಮ್ಮಡಿಯ ಒಂದು ಭಾಗ ಗುಳಿಬಿದ್ದು ಅಕ್ಕನ ನಡಿಗೆ ವಾರೆಯಾಯಿತು. ಅರಿವಿಲ್ಲದ ಕಾಲಿಗೆ ಪ್ಯಾಡು ತಾಗಿಸಲೇಬಾರದು, ಹಾಸಿಗೆ ಬೆಚ್ಚಗೆ ಮಾಡಿ, ಪ್ಯಾಡು ತೆಗೆದ ಮೇಲೆ ಮಲಗಿಸಿ ಎಂದರು ನರ್ಸಮ್ಮ. ಅಷ್ಟಕ್ಕಾದರೂ ಪ್ಯಾಡು ಬೇಕೆಂದು ಅಕ್ಕ ಹಟ ಹಿಡಿದಳು.

“ಅಂಗಡೀದು ತರಿಸ್ಕೊಳ್ಳೇ,” ಎಂದಳು ಕಾಯಿಲಮ್ಮ.

“ನೀನೇ ಮಾಡು. ಸುಟ್ಟವಳು ಇನ್ನೊಂದ್ಸಲ ಸುಡಲ್ಲ. ಅಂಗಡಿಯವನು ಇನ್ನೂ ಸುಟ್ಟಿಲ್ಲ ನೋಡು, ಅವನ ಬಗ್ಗೆ ನಂಬಿಕೆ ಇಲ್ಲ.”

ಈ ಸಲ ತಂತಿಯನ್ನು ಮೂರು ಪಟ್ಟು ಉದ್ದ ಬಿಟ್ಟಳು. ಇಪ್ಪತ್ನಾಲ್ಕು ವೋಲ್ಟಿಗೆ ಒಂದೇ ಆಂಪು, ಇಪ್ಪತ್ನಾಲ್ಕೇ ವಾಟ್. ಅಂಗೈ ಇಟ್ಟರೆ ಬರೀ ಬಟ್ಟೆ ಮುಟ್ಟಿದ ಹಾಗಿತ್ತು. ಕತ್ತರಿ ಮೇಜಿನ ಮೇಲೇ ಇತ್ತು. ಬಹಳ ಹೊತ್ತು ಮೀಟರಿನ ಮುಳ್ಳನ್ನೇ ನೋಡುತ್ತ ಕೂತು, ಕೊನೆಗೆ ಹೊಲಿಗೆ ಹಾಕಿ ಮುಗಿಸಿದಳು.

ಅಕ್ಕನ ಹಾಸಿಗೆಯ ಮೇಲೆ ಹರಡಿ ಸ್ವಿಚ್ಚು ಒತ್ತಿದಾಗ ಅಕ್ಕ ಕೇಳಿದಳು, “ಹದವಾಗಿದೆಯೇನೇ?”

“ಲೆಕ್ಕ ಸರಿ ಇದೆ ಅಕ್ಕ. ನನಗೆ ಗೊತ್ತಾಗಲ್ಲ.” ಕಾಯಿಲಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. “ಭಾವ, ನೀವು ಸ್ವಲ್ಪ ಮುಟ್ಟಿ ನೋಡಿ.”