ಹೆಂಡತಿಯ ಹೆಸರಿನ ಐದು ಸಾವಿರ

ಎರಡು ಸಾವಿರದ ಇಸವಿ ದಾಟಿದ ಹೊಸತು. ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಫೆಬ್ರುವರಿ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಆದಾಯ ತೆರಿಗೆಯದೇ ಧ್ಯಾನ. ಆಗ ಸರಕಾರ ಹೆಣ್ಣುಮಕ್ಕಳಿಗೆ ಐದು ಸಾವಿರದ ರಿಯಾಯಿತಿ ಕೊಟ್ಟಿತ್ತು. ಸಂಬಳದಲ್ಲಿ ಕಳೆಯುವುದಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ಐದು ಸಾವಿರ ಮಾಫಿ. ಏಳು ಸಾವಿರ ತೆರಿಗೆ ಬಂದಿದ್ದ ಹಿಂದಿ ಟೀಚರಮ್ಮ ಎರಡೇ ಸಾವಿರ ಕಟ್ಟಿ ನಗುತ್ತ ಹೋದದ್ದು ಕಂಡು ನನ್ನ ಹೊಟ್ಟೆ ಉರಿಯಿತು.

ನನಗೂ ಹೆಂಡತಿ ಇದ್ದಳಲ್ಲ! ಶಾಲೆಯ ಗುಮಾಸ್ತರ ಬಳಿ ಹೋಗಿ, ಅವಳ ಹೆಸರಿನ ಐದು ಸಾವಿರವನ್ನು ನನ್ನ ತೆರಿಗೆಯಲ್ಲಿ ಮುರಿದುಕೊಳ್ಳಿ ಎಂದೆ.

"ಅಕ್ಕಾರು ಏನ್ ಮಾಡ್ತಾರ್ರಿ?"

"ಏನಿಲ್ಲರಿ, ಮನ್ಯಾಗ ಸುಮ್ನ ಕೂತಿರ್ತಾಳ."

ಯಾರು ಕೇಳಿದರೂ, ಅವಳ ಎದುರಿನಲ್ಲೂ, ನನ್ನ ಉತ್ತರ ಅದೇ.

"ಮತ್ತ ಕಳಿಯೂದು ಯಾವುದರಾಗ್ರಿ? ಅವರದ ಗಳಿಕಿ ಇರಬೇಕು, ಅದಕ್ಕ ತೆರಿಗಿ ಬಂದಿರಬೇಕು, ಆಮ್ಯಾಲ ಮಾಫಿ. ತೆರಿಗೀನ ಇಲ್ಲಂದ್ರ ಸರಕಾರ ತನ್ನ ಕೈಲೆ ರೊಕ್ಕ ಕೊಡೂದಿಲ್ಲ."

ನನ್ನ ಹೆಂಡತಿ ಸುಮ್ಮನೆ ಕೂತಿರುತ್ತಿದ್ದುದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬೆಳಗಿನಿಂದ ಸಂಜೆಯವರೆಗೆ. ಸೀರೆ ನೇಯುವವಳು ಅವಳು, ನೂಲು ಕೊಟ್ಟು ನೇಯಿಸುವ ಸಾವುಕಾರ ಕೂಲಿ ಕೊಡುತ್ತಿದ್ದುದು ನನ್ನ ಕೈಗೆ. ನಮ್ಮ ಓಣಿಯ ಪದ್ಧತಿಯೇ ಹಾಗಿತ್ತು. ಇಷ್ಟು ವರ್ಷ ಆ ರೊಕ್ಕ ನನ್ನದಾಗಿತ್ತು, ಈಗ ದಿಢೀರನೆ ಅವಳದೆಂದು ನೆನಪಾಯಿತು. ಅಷ್ಟು ಕೂಲಿಗೆ ತೆರಿಗೆಯೇ ಬರುವುದಿಲ್ಲ, ಬಂದರೂ ಮಾಫಿ ಅವಳಿಗೇ ಹೊರತು ನನಗಲ್ಲ ಎಂಬುದು ಗಣಿತದ ಮಾಸ್ತರನ ತಲೆಗೆ ಹೊಳೆಯಲೇ ಇಲ್ಲ.

ಮನೆಗೆ ಬಂದವನೇ, ಗುಮಾಸ್ತರಿಗೆ ತೋರಿಸಲೆಂದು, 'ಸೀರೆ ನೇಯುವವಳು ನಾನು, ಅದರ ಕೂಲಿ ನನ್ನದು' ಎಂದು ದುಂಡಗೆ ಬರೆದು, ಕೆಳಗೆ ಸಾಕ್ಷಿಯೆಂದು ನನ್ನ ಸಹಿಯನ್ನೂ ಹಾಕಿ ಅವಳ ಮುಂದೆ ಹಿಡಿದೆ. ಮಗ್ಗದಲ್ಲಿ ಸೆರಗಿನ ಎಳೆಗೆ ಸೀರೆಯ ಮೈಯ ಎಳೆ ಕೊಂಡಿ ಹಾಕಿ ಜೋಡಿಸುತ್ತಿದ್ದವಳು ಕೈ ಒರೆಸಿಕೊಂಡು ಎರಡು ಸಲ ಓದಿದಳು. ಸಹಿ ಮಾಡಿದಳು. ಆಮೇಲೆ ಕಾಗದ ಮಡಚಿ ಕುಪ್ಪಸದಲ್ಲಿಟ್ಟುಕೊಂಡಳು.

"ಮೊದಲ ಸಾವ್ಕಾರಗ ತೋರಿಸಿ ಬರ್ತೇನಿ" ಎಂದಳು.

ಆ ವಾರದಿಂದ ಕೂಲಿ ಅವಳ ಕೈಗೇ ಬರತೊಡಗಿತು. ನಾನು ತೆರಿಗೆಯನ್ನು ಪೂರ್ತಿ ಕಟ್ಟಿದೆ, ಗುಮಾಸ್ತರ ನಗೆ ಬೇರೆ. ಆ ತಿಂಗಳ ಸಂಬಳ ಅದಕ್ಕೇ ಹೋಗಿ ಸಂತೆಯ ದಿನ ಜೇಬು ಖಾಲಿ. ನಾಚಿಕೆಯಿಂದ ಸಾಯುವಂತಾಗಿದ್ದರೂ ಮಗ್ಗದ ಬಳಿ ನಿಂತು ನೂರು ರೂಪಾಯಿ ಕೇಳಿದೆ. ಅವಳು ಲಾಳಿ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಮನ್ಯಾಗ ಸುಮ್ನ ಕೂತಾಕಿ ಹಂತ್ಯಾಕ ರೊಕ್ಕ ಎಲ್ಲಿಂದ ಬರಬೇಕ್ರಿ?"