ನೆಪ ಕಸಿದುಕೊಂಡ ಅತ್ತೆ

ಮದುವೆಯಾಗಿ ಕಡೂರಿನಿಂದ ಅಜ್ಜಂಪುರಕ್ಕೆ ಬಂದಾಗ ನನ್ನ ಜೊತೆ ಎರಡು ರಟ್ಟಿನ ಡಬ್ಬಿ ತುಂಬ ಪುಸ್ತಕಗಳೂ ಬಂದವು. ಕಂಪನಿ ಸೆಕ್ರೆಟರಿ ಪರೀಕ್ಷೆಯ ಮೊದಲ ಹಂತ ಮುಗಿಸಿದ್ದೆ. ದೊಡ್ಡ ಹಂತಗಳೆಲ್ಲ ಬಾಕಿ ಇದ್ದವು. ಕಂಪನಿಗಳು ಕಾನೂನಿನಂತೆ ಸಭೆ ಕರೆಯುತ್ತಿವೆಯೇ, ನಡಾವಳಿ ಬರೆಯುತ್ತಿವೆಯೇ, ಸರ್ಕಾರಕ್ಕೆ ಕಳಿಸಬೇಕಾದ ಕಾಗದಗಳನ್ನು ಹೊತ್ತಿಗೆ ಸರಿಯಾಗಿ ಕಳಿಸುತ್ತಿವೆಯೇ ಎಂದು ನೋಡಿಕೊಳ್ಳುವ ಕೆಲಸ ಅದು. ಗಂಡನ ಮನೆಯ ನೆಂಟರಿಗೆ ಇದನ್ನು ವಿವರಿಸಲು ಹೋಗಿ ಪ್ರತಿ ಸಲವೂ ಸೋತಿದ್ದೇನೆ. ನಮ್ಮ ಕಡೆ ಸೆಕ್ರೆಟರಿ ಎಂದರೆ ಹಾಲಿನ ಡೇರಿಯ ಸೆಕ್ರೆಟರಿ. "ಅದಕ್ಕೆ ಇಷ್ಟೊಂದ್ ಓದ್ಬೇಕೇನಮ್ಮ? ನಮ್ಮೂರ್ ಡೇರಿ ಸೆಕ್ರೆಟರಿ ಓದಿದ್ದು ಏಳ್ನೇ ಕ್ಲಾಸು" ಎಂದು ದೇವನೂರಿನ ಚಿಕ್ಕಮಾವ ನಿಜವಾದ ಕನಿಕರದಿಂದಲೇ ಕೇಳಿದ್ದರು.

ಮೊದಲ ನಾಲ್ಕು ವರ್ಷ ನಾನು ಓದಿದ್ದಕ್ಕಿಂತ ಓದಲು ಸಿದ್ಧವಾಗಿದ್ದೇ ಹೆಚ್ಚು. ಟೈಂಟೇಬಲ್ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಕೆಂಪು, ನೀಲಿ, ಹಸಿರು ಶಾಯಿಯಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿ, ಅದರ ಚಂದ ನೋಡುತ್ತ ಒಂದು ದಿನ ಕಳೆಯುತ್ತಿದ್ದೆ. ಬೆಳಗಿನ ಜಾವ ಏಳುವವರು ಜಗತ್ತನ್ನೇ ಗೆಲ್ಲುತ್ತಾರೆ ಎಂಬ ಸ್ಫೂರ್ತಿಯ ವಿಡಿಯೊಗಳನ್ನು ಬಿಸಿಲು ಬಂದ ಮೇಲೆ ಹೊದಿಕೆಯೊಳಗೆ ಮಲಗಿ ನೋಡುತ್ತಿದ್ದೆ. ನನ್ನ ಕಂಪನಿ ಕಾನೂನಿನ ಪುಸ್ತಕದ ಮೊದಲ ಮೂವತ್ತು ಪುಟ ಬಣ್ಣದ ಗೆರೆಗಳಿಂದ ಓಕುಳಿ ಆಡಿದ ಹಾಗಿದ್ದವು. ಮೂವತ್ತೊಂದನೆಯ ಪುಟದಿಂದ ಕೊನೆಯವರೆಗೂ ಸೂಜಿಮೊನೆಯಷ್ಟು ಕಲೆಯೂ ಇಲ್ಲ. ಒಮ್ಮೆ ಜಾಗ ಬದಲಾದರೆ ತಲೆಗೆ ಹತ್ತೀತು ಎಂದು ತರೀಕೆರೆಯ ಅಕ್ಕನ ಮನೆಗೆ ಹದಿನೈದು ದಿನ ಓದಲು ಹೋದೆ. ಅವಳ ಅಟ್ಟ ಗುಡಿಸಿ, ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ವಾಪಸು ಬಂದೆ. "ಇನ್ನೊಂದ್ ಪರೀಕ್ಷೆ ಇದ್ರೆ ಹೇಳೇ, ಹಿತ್ತಲೂ ಹಂಗೇ ಬಿದ್ದೈತೆ" ಎಂದು ಅಕ್ಕ ಬಸ್ಸು ಹತ್ತಿಸಿದಳು.

ಮೂರು ಸಲ ಫೇಲಾದೆ. ಪ್ರತಿ ಸಲವೂ ಕಾರಣ ಕೇಳಿದವರಿಗೆ ನಿಟ್ಟುಸಿರಿನೊಂದಿಗೆ ಒಂದೇ ಉತ್ತರ ಕೊಡುತ್ತಿದ್ದೆ: ಮನೆ ಕೆಲಸ. ಲಿಂಗದಹಳ್ಳಿಯಲ್ಲಿ ನೆಂಟರ ಮಗುವಿಗೆ ಹೆಸರಿಡುವ ದಿನವೂ ಯಾರೋ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. "ಸೊಸೆ ಅಂದ್ಮೇಲೆ ಕೇಳ್ಬೇಕಾ. ಪುಸ್ತಕ ಮುಟ್ಟಕ್ಕೆ ಟೈಮೆಲ್ಲಿ?" ಬೆನ್ನ ಹಿಂದೆ ಅತ್ತೆ ಪಾಯಸದ ಲೋಟ ಹಿಡಿದು ನಿಂತಿದ್ದರು. ಊರು ಸೇರುವವರೆಗೆ ಬಸ್ಸಿನಲ್ಲಿ ಅವರ ಕಡೆ ತಿರುಗದೆ ನಾನು ಕಿಟಕಿಯ ಹೊರಗಿನ ಪ್ರತಿಯೊಂದು ಕರೆಂಟು ಕಂಬವನ್ನೂ ನೋಡಿಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ನಾನು ಪೊರಕೆಗೆ ಕೈ ಹಾಕಿದಾಗ ಅತ್ತೆ ಅದನ್ನು ಕಿತ್ತುಕೊಂಡರು. "ಇವತ್ತಿಂದ ಮಧ್ಯಾಹ್ನದ ಊಟದವರ್ಗೂ ನೀನು ಅಡುಗೆಮನೆ ಹೊಸ್ಲು ತುಳೀಬೇಡ. ಕಸ, ಮುಸ್ರೆ, ಒಗೆಯೋದು ಎಲ್ಲಾ ನಂದು. ನೀನು ಓದ್ಕೋ."

"ಅತ್ತೆ, ನಾನು ಆ ಅರ್ಥದಲ್ಲಿ ಹೇಳ್ಲಿಲ್ಲ."

"ಯಾವ ಅರ್ಥಾನಾದ್ರೂ ಆಗ್ಲಿ. ನಾಳೆ ಯಾರೂ ನನ್ ಕಡೆ ಬೊಟ್ಟು ಮಾಡ್ಬಾರ್ದು."

ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ನನ್ನ ಗಂಡ ಟಿಫಿನ್ ಡಬ್ಬಿ ಎತ್ತಿಕೊಂಡು, ನನ್ನ ಮುಖ ನೋಡಿ, ಏನೂ ಹೇಳದೆ ಹೊರಟುಹೋದರು. ಜಾಣರು.

ಅವತ್ತೇ ನನಗೆ ತಿಳಿದದ್ದು, ಮುಸುರೆ ಪಾತ್ರೆ ಎಷ್ಟು ಪ್ರಿಯವಾದ ವಸ್ತು ಎಂದು. ಎದುರಿಗೆ ಪುಸ್ತಕ, ಸುತ್ತ ಖಾಲಿ ಹೊತ್ತು. ನೀರು ಕುಡಿಯುವ ನೆಪದಲ್ಲಿ ಎದ್ದು ಒಣಗಿದ ಬಟ್ಟೆ ಮಡಿಸತೊಡಗಿದರೆ ಅತ್ತೆ ಬಂದು ಕಸಿದುಕೊಂಡರು. ನಾಲ್ಕು ವರ್ಷದಿಂದ ಮನೆ ಕೆಲಸ ನನ್ನ ಓದನ್ನು ತಿಂದುಹಾಕುತ್ತಿದೆ ಎಂದು ನಂಬಿದ್ದೆ. ನೋಡಿದರೆ, ಓದಿನಿಂದ ನನ್ನನ್ನು ಕಾಪಾಡುತ್ತಿದ್ದದ್ದೇ ಅದು.

ನಾಲ್ಕನೆಯ ದಿನ ನಾನು ಪುಸ್ತಕದ ಮುಂದೆ ತೂಕಡಿಸುತ್ತಿದ್ದಾಗ ಅತ್ತೆ ಮೊರದ ತುಂಬ ಹುಣಸೆಹಣ್ಣು ತಂದು ಬಾಗಿಲಲ್ಲೇ ಕೂತರು. ಬೀಜ ಬಿಡಿಸುತ್ತ, "ಜೋರಾಗಿ ಓದು, ನಿದ್ದೆ ಬರಲ್ಲ" ಎಂದರು. ಓದಿದೆ. "ಇಂಗ್ಲೀಷು ನಂಗೆ ಬರಲ್ಲ, ಕನ್ನಡದಲ್ಲಿ ಹೇಳು" ಎಂದರು. ಅವರು ಓದಿದ್ದು ನಾಲ್ಕನೆಯ ತರಗತಿ. ಅವತ್ತಿನ ಪಾಠ ಕೋರಂ. ಸಭೆ ನಡೆಯಲು ಕನಿಷ್ಠ ಐದು ಜನ ಇರಬೇಕು ಎಂದು ಹೇಳಿದೆ.

"ಬರ್ದೆ ಹೋದ್ರೆ?"

"ಅರ್ಧ ಗಂಟೆ ಕಾಯ್ಬೇಕು. ಆಮೇಲೂ ಬರ್ದಿದ್ರೆ ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗ."

"ಆಗ್ಲೂ ಬರ್ದಿದ್ರೆ?"

"ಬಂದಷ್ಟು ಜನ ಸಾಕು."

ಅತ್ತೆ ಒಂದು ಬೀಜ ಪಕ್ಕಕ್ಕೆ ಎಸೆದು, "ಅದನ್ನ ಮೊದಲ್ನೇ ವಾರಾನೇ ಸಾಕು ಅನ್ನಕ್ಕೇನು?" ಎಂದರು.

 ಕೋರಂನ ಪ್ರಶ್ನೆಗೆ ಮೂರು ಪರೀಕ್ಷೆಗಳಲ್ಲಿ ಅಚ್ಚುಕಟ್ಟಾಗಿ ಉತ್ತರ ಬರೆದಿದ್ದೆ. ಹಾಗೇಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಅವರು ಮರೆಯಲಿಲ್ಲ. ಮಾರನೆಯ ದಿನ ಮೊರ ಇಡುತ್ತಲೇ ಕೇಳಿದರು. ಬರಲಾಗದವರಿಗೆ ಇನ್ನೊಂದು ಅವಕಾಶ ಸಿಗಲಿ ಎಂದು, ಹಾಗೆಯೇ ಬಾರದವರಿಂದ ಕೆಲಸ ನಿಂತೇಹೋಗದಿರಲಿ ಎಂದು ಇರಬೇಕು ಎಂದೆ. "ಹಂಗಾದ್ರೆ ಸರಿ" ಎಂದು ಕಾನೂನಿಗೆ ಅನುಮತಿ ಕೊಟ್ಟರು. ಹುಣಸೆಹಣ್ಣು ಮುಗಿದು ಅವರೆಕಾಯಿ ಬಂತು, ಅವರೆಕಾಯಿ ಮುಗಿದು ಮೆಣಸಿನಕಾಯಿ ತೊಟ್ಟು ಮುರಿಯುವುದು ಬಂತು. ನಾನು ಮೂವತ್ತೊಂದನೆಯ ಪುಟ ದಾಟಿ ಇನ್ನೂರಕ್ಕೆ ಬಂದೆ. ಉತ್ಸಾಹದಿಂದಲ್ಲ, ನಾಳೆ ಬೆಳಿಗ್ಗೆ ಕೇಳುತ್ತಾರಲ್ಲ ಎಂಬ ಭಯದಿಂದ.

ಅಷ್ಟರಲ್ಲಿ ಅತ್ತೆಯ ಮಹಿಳಾ ಸಂಘದಲ್ಲಿ ಗಲಾಟೆಯಾಯಿತು. ಸಂಘದಲ್ಲಿ ಹದಿನಾಲ್ಕು ಜನ. ಮದುವೆ ಮುಂಜಿಗೆ ಕೊಡುವ ದೊಡ್ಡ ಹಂಡೆ, ಕೊಳದಪ್ಪಲೆಗಳು ಸಂಘದವು. ಅಧ್ಯಕ್ಷೆ ತನಗೆ ಬೇಕಾದ ಮೂವರನ್ನು ಮನೆಗೆ ಕರೆದು, ಪಾತ್ರೆಗಳೆಲ್ಲ ಇನ್ನು ತನ್ನ ಮನೆಯಲ್ಲೇ ಇರುತ್ತವೆ ಎಂದು ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆಸಿದ್ದರು. ಅತ್ತೆ ಮುಂದಿನ ಸಭೆಯಲ್ಲಿ ಎದ್ದು ನಿಂತು, "ಇದು ನಡೆಯಲ್ಲ. ಕೋರಂ ಇಲ್ಲ. ಐದು ಜನ ಇರ್ಬೇಕು. ಕಾನೂನು ಐತೆ, ನಮ್ ಸೊಸೆ ಓದವ್ಳೆ" ಎಂದರಂತೆ. ಎಲ್ಲರೂ ಬಾಯಿ ಮುಚ್ಚಿದರಂತೆ. ಮನೆಗೆ ಬಂದು ಕಥೆ ಹೇಳುವಾಗ ಅವರ ಮುಖದಲ್ಲಿ ನಾನು ಎಂದೂ ಕಾಣದ ಕಳೆ ಇತ್ತು.

 ಐದು ಎನ್ನುವುದು ಪಬ್ಲಿಕ್ ಕಂಪನಿಯ ಲೆಕ್ಕ. ನಮ್ಮೂರಿನ ಹಂಡೆ ಸಂಘಕ್ಕೂ ಆ ಕಾಯ್ದೆಗೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ಅತ್ತೆಗೆ ಹೇಳಿದೆ.  ಅವರು, "ನಮ್ಗೆ ಬೇರೆ ಕಾನೂನು ಇಲ್ವೇನೇ?" ಎಂದರು.

ಸಂಘದ ಟ್ರಂಕಿನಲ್ಲಿ ಜಿರಳೆ ತಿಂದ ನಿಯಮದ ಪುಸ್ತಕವೊಂದಿತ್ತು. ತಂದು ಓದಿದೆ. ಅಷ್ಟು ಹಸಿವಿನಿಂದ ನಾನು ಕಾದಂಬರಿಯನ್ನೂ ಓದಿಲ್ಲ. ಒಂಬತ್ತನೆಯ ನಿಯಮ: ಮೂರನೆಯ ಎರಡರಷ್ಟು ಸದಸ್ಯರು ಹಾಜರಿಲ್ಲದೆ ಯಾವ ತೀರ್ಮಾನವೂ ಆಗಕೂಡದು. ಐದಲ್ಲ, ಹತ್ತು ಜನ ಬೇಕಿತ್ತು. ಅತ್ತೆ ಗೆದ್ದಿದ್ದರು, ನನ್ನಿಂದಲ್ಲ, ನನ್ನ ತಪ್ಪಿನ ಹೊರತಾಗಿಯೂ. ಸಭೆ ಮತ್ತೆ ನಡೆದು, ಪಾತ್ರೆಗಳು ಸಮುದಾಯ ಭವನದ ಕೋಣೆ ಸೇರಿದವು. ಬೀಗದ ಕೈ ತಿಂಗಳಿಗೊಬ್ಬರ ಕೈಗೆ. ಅಧ್ಯಕ್ಷೆ ಒಂದು ತಿಂಗಳು ನನ್ನನ್ನು ಮಾತಾಡಿಸಲಿಲ್ಲ.

ಇಷ್ಟಾದ ಮೇಲೆ ನಾನು ಒಂದೇ ಏಟಿಗೆ ಪಾಸಾದೆ ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಒಂದು ಗುಂಪಿನ ಪೇಪರುಗಳನ್ನು ದಾಟಿ ಇನ್ನೊಂದು ಗುಂಪಿನಲ್ಲಿ ಬಿದ್ದೆ. ಅತ್ತೆ, "ಯಾವ ಪಾಠದಾಗೆ ಹೋಯ್ತು?" ಎಂದಷ್ಟೇ ಕೇಳಿ, ಮರುದಿನ ಮೊರ ಹಿಡಿದು ಬಂದು ಕೂತರು. ತೆರಿಗೆಯ ಪಾಠ ಅವರಿಗೂ ಹಿಡಿಸಲಿಲ್ಲ. ಇಬ್ಬರೂ ಒಟ್ಟಿಗೇ ತೂಕಡಿಸಿದ ಬೆಳಗುಗಳಿವೆ. ಹೀಗೆ ಬೀಳುತ್ತ ಏಳುತ್ತ ಇನ್ನೂ ಮೂರು ವರ್ಷ ಹಿಡಿಯಿತು.

ಕೊನೆಯ ಫಲಿತಾಂಶ ಬಂದಾಗ ಅತ್ತೆ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದರು. ಫೋನು ಹಿಡಿದು ಅಲ್ಲಿಗೇ ಓಡಿದೆ. ಓಡಿದ ದಮ್ಮಿಗೋ, ಹಿಟ್ಟಿನ ಧೂಳಿಗೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಂತ್ರದ ಸದ್ದಿನಲ್ಲಿ, "ಆಯ್ತು ಅತ್ತೆ, ಮುಗೀತು" ಎಂದೆ.

ಅವರು ನನ್ನ ಕಣ್ಣೀರು ನೋಡಿದರು. "ಹೋಗ್ಲಿ ಬಿಡೇ" ಎಂದು ಹಿಟ್ಟು ಮೆತ್ತಿದ ಸೆರಗಿನಿಂದಲೇ ನನ್ನ ಮುಖ ಒರೆಸಿ, ಗಿರಣಿಯವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ನಮ್ ಸೊಸೆ ಎಷ್ಟ್ ಚೆನ್ನಾಗಿ ಓದ್ತಾಳೆ ಗೊತ್ತೇನಪ್ಪಾ. ಪೇಪರ್ ತಿದ್ದೋರ್ಗೆ ಕಣ್ಣಿಲ್ಲ ಅಷ್ಟೇ."

ಆ ಕ್ಷಣದಲ್ಲೇ ತಿದ್ದಬೇಕಿತ್ತು. ತಿದ್ದಲಿಲ್ಲ. ಏಳು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಇನ್ನೂ ಸ್ವಲ್ಪ ಕೇಳೋಣ ಎನಿಸಿ ತಲೆ ತಗ್ಗಿಸಿ ನಿಂತೆ. ನನ್ನ ನೆನಪಿನ ಶಕ್ತಿ, ನನ್ನ ತಾಳ್ಮೆ, ನನ್ನ ಅಕ್ಷರ, ಎಲ್ಲವೂ ಬಂದವು. ಯಂತ್ರ ನಿಂತ ಮೇಲೆ ಮೆಲ್ಲಗೆ, "ಪಾಸಾಗಿದೀನಿ ಅತ್ತೆ" ಎಂದೆ.

ಅವರು ನನ್ನನ್ನೇ ನೋಡಿದರು. "ಅಷ್ಟೊತ್ತಿಂದ ಬಾಯಿಗೇನಾಗಿತ್ತೇ?" ಎಂದರು. ಆಮೇಲೆ ಗಿರಣಿಯ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಹೆಗಲು ಕುಲುಕುವ ಹಾಗೆ ಬಹಳ ಹೊತ್ತು ನಕ್ಕರು.